ನೀವು ಇಲ್ಲೇ ಕೂತಿರಿ

ನಮಗೆ ವಯಸ್ಸಾಯಿತೆಂದು ಕನ್ನಡಿಗಿಂತ ಮೊದಲು ಮನೆಯವರು ಹೇಳುತ್ತಾರೆ. ಬೈದು ಹೇಳಿದರೆ ತಿರುಗಿ ಬೀಳಬಹುದಿತ್ತು. ಅವರು ಹೇಳುವುದು ಅಕ್ಕರೆಯಿಂದ: ‘ನೀವು ಇಲ್ಲೇ ಕೂತಿರಿ, ನಾವು ಹೀಗೆ ಹೋಗಿ ಹಾಗೆ ಬಂದುಬಿಡ್ತೀವಿ.’ ಈ ಒಂದು ಮಾತಿನ ದೆಸೆಯಿಂದ ನಾನು ಜೋಗದಲ್ಲಿ ಗುಂಡಿಗೆ ಇಳಿಯಲಿಲ್ಲ, ಶ್ರವಣಬೆಳಗೊಳದಲ್ಲಿ ಅರ್ಧ ಬೆಟ್ಟದಿಂದ ಮೇಲೆ ಹೋಗಲಿಲ್ಲ, ಮಲ್ಪೆಯಲ್ಲಿ ಹನ್ನೊಂದು ಜೊತೆ ಚಪ್ಪಲಿ ಕಾಯ್ದೆ. ನಿಮ್ಮಲ್ಲೂ ಬಹಳ ಜನರ ಹತ್ತಿರ ಇಂಥ ಪಟ್ಟಿ ಇರುತ್ತದೆ. ಒಮ್ಮೆ ಬರೆದು ನೋಡಿ. ಇಪ್ಪತ್ತೈದನೆಯ ವಯಸ್ಸಿಗೇ ಶುರುವಾಗಿರುತ್ತದೆ. ಆಗ ಕಾರಣ ಕೈಗೂಸು, ಆಮೇಲೆ ಊಟದ ಬುತ್ತಿ, ಈಗ ಮಂಡಿ. ಆ ಮಾತಿನ ಮೇಲೆ ನನಗೊಂದು ಜಗಳವಿದೆ. ಜಗಳ ಹುಟ್ಟಿದ್ದು ಬಹಳ ದೂರದಲ್ಲಿ, ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳಬೇಕು.

2024ರ ಬೇಸಿಗೆ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಇಂಗ್ಲೆಂಡಿಗೆ ಹೋಗಿದ್ದೆವು. ಮಗಳು ಅಳಿಯ ಇಬ್ಬರಿಗೂ ಅಲ್ಲಿ ಕೆಲಸ. ಲಂಡನ್ನಿನ ನೈಋತ್ಯಕ್ಕಿರುವ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ಮನೆ. ಮೊಮ್ಮಗಳಿಗೆ ಐದು ವರ್ಷ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಇಂಗ್ಲೆಂಡಿನ ಭೂಪಟವನ್ನು ಬೋರ್ಡಿನ ಮೇಲೆ ಬರೆದು ಬರೆದು ಕೈಗೆ ರೂಢಿಯಾಗಿತ್ತೇ ಹೊರತು ಆ ನೆಲದ ಮೇಲೆ ಕಾಲಿಟ್ಟದ್ದು ಅದೇ ಮೊದಲು.

ಮೊದಲ ಭಾನುವಾರ ಅಳಿಯ ಎಲ್ಲರನ್ನೂ ಹೈಂಡ್‌ಹೆಡ್ ಎಂಬಲ್ಲಿಗೆ ಕರೆದುಕೊಂಡು ಹೋದ. ಅಲ್ಲೊಂದು ದೊಡ್ಡ ತಗ್ಗು ಇದೆ. ಸೈತಾನನ ಬೋಗುಣಿ ಎಂದು ಅದರ ಹೆಸರಿನ ಅರ್ಥ. ಅವರ ಮಾತಿನಲ್ಲಿ ಡೆವಿಲ್ಸ್ ಪಂಚ್ ಬೌಲ್. ಸೈತಾನ ಮಣ್ಣು ಬಾಚಿ ಎಸೆದದ್ದರಿಂದ ಗುಂಡಿ ಬಿತ್ತು ಎಂದು ಕತೆ. ನಿಜವಾಗಿ ಅದನ್ನು ಕೊರೆದದ್ದು ನೀರು. ಮೇಲಿನ ಮರಳುಗಲ್ಲಿನಲ್ಲಿ ಮಳೆನೀರು ಇಂಗಿ, ಕೆಳಗಿನ ಜೇಡಿಯ ಪದರಕ್ಕೆ ಬಂದು ಮುಂದೆ ಇಳಿಯಲಾರದೆ ಪಕ್ಕದಿಂದ ಒರತೆಯಾಗಿ ಹೊರಬಿದ್ದು, ಗೋಡೆಯ ಬುಡವನ್ನೇ ತಿಂದು ತಿಂದು ಗುಡ್ಡ ಕುಸಿದು ಬೋಗುಣಿಯಾಯಿತು. ಇದೆಲ್ಲ ನನಗೆ ಅಂದು ಗೊತ್ತಾದದ್ದು ಫಲಕ ಓದಿ. ಏಕೆಂದರೆ ಕಾರು ನಿಲ್ಲಿಸುವ ಜಾಗದ ಹತ್ತಿರವೇ ಕಾಫಿ ಅಂಗಡಿ ಇತ್ತು, ‘ಅತ್ತೆ, ನೀವು ಇಲ್ಲೇ ಕೂತಿರಿ, ಕೇಕ್ ಚೆನ್ನಾಗಿರುತ್ತೆ’ ಎಂದು ಅಳಿಯ ಹೇಳಿದ, ನಾನು ಕೂತೆ. ಅಮ್ಮ ಒಬ್ಬಳೇ ಆಗುತ್ತಾಳೆಂದು ಮಗಳು ಕೂತಳು. ಅಮ್ಮ ಕೂತಳೆಂದು ಮೊಮ್ಮಗಳು ಕೂತಳು. ನಮ್ಮ ಮನೆಯವರು, ಅಳಿಯ ಮತ್ತು ಅಳಿಯನ ಸ್ನೇಹಿತ ಕೈಬೀಸಿಕೊಂಡು ಹೊರಟರು. ನಮ್ಮ ಮನೆಯವರಿಗೆ ನನಗಿಂತ ಆರು ವರ್ಷ ಹೆಚ್ಚು ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಅವರನ್ನು ಯಾರೂ ಕೂರಿಸಲಿಲ್ಲ.

ನಾನು ಸುಮ್ಮನಿರಲಾರದೆ ಮಗಳಿಗೆ ಹೇಳಿದೆ: ‘ನೀನಾದರೂ ಹೋಗಬಾರದಿತ್ತೇನೆ?’ ಅವಳು ಕಾಫಿ ಕಲಕುತ್ತಾ, ಸಿಟ್ಟಿಲ್ಲದೆಯೇ ಅಂದಳು: ‘ಚಿತ್ರದುರ್ಗ ನೆನಪಿದೆಯಾ ಅಮ್ಮ?’

ನೆನಪಿತ್ತು. 2005ರ ಜನವರಿ. ನಮ್ಮ ಶಾಲೆಯ ಪ್ರವಾಸ; ಮಗಳೂ ಅದೇ ಶಾಲೆಯಲ್ಲಿ ಏಳನೆಯ ತರಗತಿ. ಕೋಟೆಯ ಬಾಗಿಲಿನಲ್ಲಿ ಪಿ.ಟಿ. ಮೇಷ್ಟ್ರು ಹುಡುಗರನ್ನು ಸಾಲು ಮಾಡಿ ಮೇಲೆ ಹತ್ತಿಸಿಕೊಂಡು ಹೋದರು. ಹುಡುಗಿಯರ ಜವಾಬ್ದಾರಿ ನನ್ನದು. ಬಿಸಿಲು, ಲಂಗ, ಜಾರುವ ಬಂಡೆ, ಯಾರಾದರೂ ಬಿದ್ದರೆ ಅವರ ತಂದೆತಾಯಿಗೆ ಏನು ಹೇಳುವುದು! ಅವರನ್ನೆಲ್ಲ ಒಂದು ಮರದಡಿ ಚಿತ್ರಾನ್ನದ ಡಬ್ಬಿಗಳ ಸುತ್ತ ಕೂರಿಸಿದೆ. ಆಗ ನನ್ನ ಮಗಳು ಕೇಳಿದ್ದಳು, ‘ಟೀಚರ್, ಓಬವ್ವ ಹೆಂಗಸಲ್ವಾ?’ ಶಾಲೆಯಲ್ಲಿ ನಾನು ಅವಳಿಗೂ ಟೀಚರ್. ‘ಬಾಯಿ ಮುಚ್ಚಿಕೊಂಡು ಕೂತ್ಕೋ’ ಅಂದಿದ್ದೆ. ಹಿಂದಿನ ವಾರವಷ್ಟೇ ತರಗತಿಯಲ್ಲಿ ಒನಕೆ ಓಬವ್ವನ ಪಾಠವನ್ನು ಕಣ್ಣಲ್ಲಿ ನೀರು ಬರುವ ಹಾಗೆ ಮಾಡಿದ್ದವಳು ನಾನೇ.

ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ‘ಕೂತಿರಿ’ ಎನ್ನುವ ಮಾತನ್ನು ನಾನು ಕೇಳಿಸಿಕೊಂಡು ಸುಮ್ಮನಿದ್ದವಳು ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಸಂಬಳ ತೆಗೆದುಕೊಂಡು ಅದನ್ನು ಕಲಿಸಿದವಳೂ ಹೌದು.

ಮುಂದಿನ ಭಾನುವಾರ ‘ನಾನೂ ಬರ್ತೀನಿ’ ಅಂದೆ. ಮನೆಯಲ್ಲಿ ಒಂದು ಕ್ಷಣ ಮೌನ. ‘ಮಂಡಿ?’ ಅಂದರು ನಮ್ಮ ಮನೆಯವರು. ಮೂವತ್ತು ವರ್ಷ ದಿನಕ್ಕೆ ಐದಾರು ಪೀರಿಯಡ್ಡು ನಿಂತು ಪಾಠ ಮಾಡಿದ್ದೇನೆ. ಬೆಳಿಗ್ಗೆ ಐದೂವರೆಗೆ ಒಲೆಯ ಮುಂದೆ ನಿಂತರೆ ಎಂಟೂವರೆಗೆ ಬಸ್ಸಿನಲ್ಲಿ ನಿಲ್ಲುವುದು. ಆಗ ಯಾರೂ ಮಂಡಿಯನ್ನು ವಿಚಾರಿಸಿಕೊಂಡದ್ದಿಲ್ಲ. ಹೆಂಗಸಿನ ಮಂಡಿ ಕೆಲಸದ ದಿನ ಸರಿಯಿರುತ್ತದೆ, ರಜೆಯ ದಿನ ಕೆಡುತ್ತದೆ.

ಮಗಳ ಬೂಟು ಹಾಕಿಕೊಂಡೆ, ಉದ್ದನೆ ಕಾಲುಚೀಲ ಏರಿಸಿದೆ (ಆ ಪೊದೆಗಳಲ್ಲಿ ಉಣ್ಣೆಹುಳು ಇರುತ್ತದೆ, ಕಚ್ಚಿದರೆ ಜ್ವರ ತರುವಂಥದ್ದೂ ಇದೆ, ಮನೆಗೆ ಬಂದ ಮೇಲೆ ಮಕ್ಕಳ ಮೈ ನೋಡಬೇಕು), ಸೀರೆಯನ್ನು ನಾಲ್ಕು ಬೆರಳು ಮೇಲೆ ಕಟ್ಟಿದೆ, ಹೊರಟೆ.

ಅಲ್ಲಿಯವರು ಹೀತ್ ಎಂದು ಕರೆಯುವ ನೆಲ ನಮ್ಮ ಕಡೆಯ ಕುರುಚಲು ಕಾವಲಿನಂತೆ. ಮರಳು ಮಣ್ಣು, ಪೈರಿಗೆ ಬಾರದು. ಮೊಣಕಾಲುದ್ದದ ಹೆದರ್ ಗಿಡ, ಗಾರ್ಸ್ ಎಂಬ ಮುಳ್ಳುಪೊದೆ, ಜರಿಗಿಡ, ಅಲ್ಲೊಂದು ಇಲ್ಲೊಂದು ಪೈನ್ ಮರ. ಆಗಸ್ಟ್ ತಿಂಗಳಲ್ಲಿ ಹೆದರ್ ಹೂಬಿಟ್ಟು ಗುಡ್ಡವೆಲ್ಲ ನೇರಳೆಯಾಗುತ್ತದಂತೆ, ಕ್ಯಾಲೆಂಡರಿನಲ್ಲಿ ಹಾಕುವುದು ಆ ಚಿತ್ರವನ್ನು. ನಾನು ನೋಡಿದ್ದು ಮೇ ತಿಂಗಳ ಹೆದರ್, ಸವೆದ ಪೊರಕೆಯ ಬಣ್ಣ. ಪೊರಕೆ ಎಂದದ್ದು ಸುಮ್ಮನೆ ಅಲ್ಲ. ಆ ಬೋಗುಣಿಯ ತಳದಲ್ಲಿ ಹಿಂದೆ ಇದ್ದವರು ಪೊರಕೆ ಕಟ್ಟುವ ಬಡವರು. ಹೆದರ್ ಮತ್ತು ಬರ್ಚ್ ಕಡ್ಡಿಗಳಿಂದ ಪೊರಕೆ ಮಾಡಿ ಮಾರುತ್ತಿದ್ದರು. ಊರವರು ಅವರಿಗೆ ಕುಚೋದ್ಯಕ್ಕೆ ಇಟ್ಟ ಹೆಸರು ಪೊರಕೆ ಸಾಹುಕಾರರು. ಗಾರ್ಸ್ ಮಾತ್ರ ಮೇ ತಿಂಗಳಲ್ಲಿ ಮೈತುಂಬ ಹಳದಿ ಹೂ. ಬಿಸಿಲು ಬಿದ್ದಾಗ ಆ ಹೂವಿನಿಂದ ಕೊಬ್ಬರಿಯ ವಾಸನೆ ಬರುತ್ತದೆ. ಕಾಯಿಹೋಳಿಗೆ ಮಾಡುವ ಮನೆಯ ಮುಂದೆ ಹಾದುಹೋದಂತಾಗಿ ನಾನು ನಿಂತೇಬಿಟ್ಟೆ. ಸಾವಿರಾರು ಮೈಲಿ ಹಾರಿ ಬಂದು, ಪರದೇಶದ ಮುಳ್ಳುಗಿಡಕ್ಕೆ ಮೂಗು ಹಚ್ಚಿ ನಿಂತ ಅಜ್ಜಿಯನ್ನು ನೋಡಿ ಮೊಮ್ಮಗಳು ತಾನೂ ಮೂಗು ಹಚ್ಚಿದಳು.

ಅಂದು ನಾವು ಬೋಗುಣಿಯ ಅಂಚಿನ ಮೇಲೇ ನಡೆದು ಗಿಬೆಟ್ ಹಿಲ್ ತಲುಪಿದೆವು. ಎತ್ತರ 272 ಮೀಟರ್, ಆದರೆ ಕಾರು ನಿಲ್ಲುವುದೇ ಮೇಲುಗಡೆಯಾದ್ದರಿಂದ ಏರು ಅಷ್ಟಿಲ್ಲ. ಹೋಗಲು ಒಂದೂವರೆ ಕಿಲೋಮೀಟರಿನ ಆಸುಪಾಸು. ಐದು ವರ್ಷದ ಕೂಸು, ಐವತ್ತಾರು ವರ್ಷದ ನಾನು, ಇಬ್ಬರದೂ ಒಂದೇ ನಡಿಗೆ. ಅವಳು ಪೈನ್ ಕಾಯಿ ಆಯಲು ನಿಲ್ಲುತ್ತಾಳೆ, ನಾನು ಉಸಿರಿಗೆ ನಿಲ್ಲುತ್ತೇನೆ. ಗಂಡಸರು ಮುಂದೆ ಮುಂದೆ ಹೋಗಿ, ಕೈಕಟ್ಟಿ ನಿಂತು, ನಾವು ಹತ್ತಿರ ಬಂದ ಕೂಡಲೇ ಮತ್ತೆ ಹೊರಡುತ್ತಾರೆ. ಈ ವಿದ್ಯೆಯನ್ನು ಗಮನಿಸಿದ್ದೀರಾ? ಅವರಿಗೆ ವಿಶ್ರಾಂತಿಯಾಗಿರುತ್ತದೆ, ನಮಗೆ ಆಗುವುದೇ ಇಲ್ಲ. ಮೂರನೆಯ ಸಲ ನಾನು ಹೇಳಿದೆ: ‘ಮಗು ಮುಂದೆ ನಡೀಲಿ, ಎಲ್ಲರೂ ಅವಳ ಹಿಂದೆ.’ ಕುಟುಂಬ ಸಮೇತ ನಡೆಯುವುದೆಂದರೆ ನನ್ನ ಲೆಕ್ಕದಲ್ಲಿ ಇಷ್ಟೇ.

ಆ ಗುಡ್ಡಕ್ಕೆ ನೇಣುಗಂಬದ ಹೆಸರು. 1786ರಲ್ಲಿ ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ನಡೆದು ಹೋಗುತ್ತಿದ್ದ ನಾವಿಕನೊಬ್ಬನನ್ನು ಮೂವರು ಜೊತೆಗಾರರು ಇಲ್ಲಿ ಕೊಂದರು. ಮರುವರ್ಷ ಮೂವರನ್ನೂ ಇಲ್ಲೇ ನೇತುಹಾಕಿದರು. ಜನ ಹೆದರಿ ಈ ಕಡೆ ಸುಳಿಯದಂತಾದಾಗ 1851ರಲ್ಲಿ ಒಬ್ಬ ನ್ಯಾಯಾಧೀಶರು ಅಲ್ಲೊಂದು ಕಲ್ಲಿನ ಶಿಲುಬೆ ನಿಲ್ಲಿಸಿದರು, ಈಗಲೂ ಇದೆ. ಅಳಿಯ ಈ ಕತೆ ಹೇಳಿದ್ದೇ ತಡ, ನಮ್ಮ ಮನೆಯವರು ‘ನೋಡು, ಇದಕ್ಕೇ ಹೆಂಗಸರು ಇಂಥ ಕಡೆ ಬರಬಾರದು ಅನ್ನೋದು’ ಎಂದರು. ಸತ್ತವನು ಗಂಡಸು. ಕೊಂದವರು ಮೂವರೂ ಗಂಡಸರು. ಮನೆಯಲ್ಲಿ ಕೂರಬೇಕಾದವಳು ಮಾತ್ರ ನಾನು! ಹೀತ್‌ನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ. ಅವುಗಳ ರಕ್ಷಣೆಗೆಂದು ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗಳನ್ನು ಗಿಡ್ಡ ಹಗ್ಗದಲ್ಲಿ ಹಿಡಿದಿರಬೇಕು ಎಂದು ಕಾನೂನು. ನಾಯಿಗೂ ಉಳಿದ ಏಳು ತಿಂಗಳು ಬಿಡುವಿದೆ ಎಂದು ಮಗಳ ಕಿವಿಯಲ್ಲಿ ಹೇಳಿದೆ. ಅವಳು ನಕ್ಕಿದ್ದು ಆ ಗುಡ್ಡಕ್ಕೆಲ್ಲ ಕೇಳಿಸಿತು.

ಈಗ ನೀವು ಹೇಳುವುದು ನನಗೆ ಗೊತ್ತು: ಅದು ಇಂಗ್ಲೆಂಡು, ತಂಪು ಹವೆ, ದಾರಿಗೆ ಬಾಣದ ಗುರುತು, ಬೇಲಿಗೆ ಬಾಗಿಲು. ನಮ್ಮಲ್ಲಿ ಎಲ್ಲಿದೆ? ಈ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಯೂ ಅದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಟ್ಟಿಲ್ಲ. ಇಂಥ ಬಯಲುಗಳು ಹಿಂದೆ ಊರಿನ ಬಡವರು ದನ ಮೇಯಿಸಿ, ಸೌದೆ ಸೊಪ್ಪು ತರುತ್ತಿದ್ದ ಸಾಮಾನ್ಯ ಭೂಮಿ. ಎಷ್ಟೋ ಕಡೆ ಜಮೀನುದಾರರು ಬೇಲಿ ಹಾಕಿಕೊಂಡರು, ಕಾನೂನೇ ಅವರ ಪರವಾಗಿತ್ತು. 1800ರಿಂದ ಈಚೆಗೆ ಅಲ್ಲಿಯ ತಗ್ಗುನಾಡಿನ ಹೀತ್‌ನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಉತ್ತು, ಕಟ್ಟಿ, ಮರ ಬೆಳೆಸಿ ಹೋಗಿದೆ. ಉಳಿದದ್ದು ಜಗಳವಾಡಿ ಉಳಿಸಿಕೊಂಡದ್ದು.

ಆ ಜಗಳಗಂಟಿಯರಲ್ಲಿ ಒಬ್ಬಳು ಆಕ್ಟೇವಿಯಾ ಹಿಲ್. ಹುಟ್ಟಿದ್ದು 1838ರಲ್ಲಿ. ಅಕ್ಕತಂಗಿಯರೊಂದಿಗೆ ಶಾಲೆ ನಡೆಸಿದವಳು, ಲಂಡನ್ನಿನ ಕೊಳಕು ಬೀದಿಗಳಲ್ಲಿ ಬಡವರಿಗೆ ವಾಸಯೋಗ್ಯ ಮನೆ ಕೊಡಿಸಲು ದುಡಿದವಳು. ಗಾಳಿ ಬೆಳಕಿಲ್ಲದ ಕೋಣೆಯ ಹೆಂಗಸರು ಮಕ್ಕಳು ನಡೆದುಹೋಗಬಹುದಾದ ಹೊಲಬಯಲು ಬೇಕೆಂದು 1875ರಲ್ಲಿ ಸ್ವಿಸ್ ಕಾಟೇಜ್ ಎಂಬಲ್ಲಿಯ ಹೊಲಗಳನ್ನು ಉಳಿಸಲು ಹೋರಾಡಿ ಸೋತಳು. ಅಲ್ಲಿ ಮನೆಗಳೆದ್ದವು. ಸೋತವಳು ಸುಮ್ಮನಾಗದೆ ಇನ್ನಿಬ್ಬರೊಡನೆ ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದಳು. ನಾನು ಕೊಬ್ಬರಿ ವಾಸನೆ ಕುಡಿದ ಹೈಂಡ್‌ಹೆಡ್ ಬಯಲು 1906ರಿಂದ ಆ ಸಂಸ್ಥೆಯದು. ಇವಳನ್ನು ದೇವಿಯ ಹಾಗೆ ಕೂರಿಸಬೇಕಾಗಿಲ್ಲ. ಹೆಂಗಸರಿಗೆ ಮತದಾನದ ಹಕ್ಕು ಬೇಡವೆಂದವಳೂ ಇವಳೇ, ಅದು ನನಗೆ ಇನ್ನೂ ಅರಗಿಲ್ಲ. ಆದರೆ ಬಯಲಿನ ವಿಷಯದಲ್ಲಿ ಅವಳ ಋಣ ನನ್ನ ಕಾಲಿನ ಮೇಲಿದೆ. ಆಮೇಲಿನದೂ ಹೀಗೆಯೇ. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಎಂಬ ಬೆಟ್ಟಬಯಲಿಗೆ ಕಾರ್ಖಾನೆಯ ಹುಡುಗ ಹುಡುಗಿಯರು ನೂರಾರು ಜನ ಬೇಲಿ ಲೆಕ್ಕಿಸದೆ ನುಗ್ಗಿದರು. ಐವರು ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು, 2000ದಲ್ಲಿ ಇನ್ನೊಂದು. ಇಷ್ಟಾದರೂ ಇಂಗ್ಲೆಂಡಿನ ನೆಲದಲ್ಲಿ ಜನ ಮನಸ್ಸು ಬಂದ ಹಾಗೆ ಅಡ್ಡಾಡಬಹುದಾದದ್ದು ನೂರರಲ್ಲಿ ಎಂಟು ಪಾಲು ಮಾತ್ರ. ಉಳಿದ ಕಡೆ ಕಾಲುದಾರಿಯ ಮೇಲಷ್ಟೇ ಹಕ್ಕು. ಹಳದಿ ಬಾಣವಿದ್ದರೆ ನಡೆಯುವವರ ದಾರಿ, ನೀಲಿಯಾದರೆ ಕುದುರೆ ಸವಾರರಿಗೂ ಸೇರಿ.

ಆ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಜನರು ಒಂದು ದಾರಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ, ಕದ್ದುಮುಚ್ಚದೆ, ಅಡೆತಡೆಯಿಲ್ಲದೆ ಇಪ್ಪತ್ತು ವರ್ಷ ನಡೆದಿದ್ದರೆ ಅದು ಸಾರ್ವಜನಿಕ ದಾರಿಯಾಗಬಲ್ಲದು. ನಮ್ಮ ಗ್ರಾಮನಕ್ಷೆಗಳಲ್ಲೂ ಕಾಲುದಾರಿ, ಬಂಡಿದಾರಿ ಗುರುತುಗಳಿರುತ್ತವೆ. ‘ನಕಾಶೆ ಕಂಡ ದಾರಿ’ ಎಂದು ನಮ್ಮ ಅಜ್ಜ ವಾದ ಮಾಡುತ್ತಿದ್ದದ್ದು ಕೇಳಿದ್ದೇನೆ. ಆ ದಾರಿಗಳಲ್ಲಿ ನಮ್ಮ ಅಜ್ಜಿ ನಡೆದಳು, ಅತ್ತೆ ನಡೆದರು. ಹಾಗಾದರೆ ನಮ್ಮ ಹೆಂಗಸರು ನಡೆಯಲಿಲ್ಲವೇ ಎಂದು ನೀವು ಕೇಳುವುದು ಸರಿ. ಮೈಲಿಗಟ್ಟಲೆ ನಡೆದಿದ್ದಾರೆ, ತಲೆಯ ಮೇಲೆ ಕೊಡ, ಹುಲ್ಲಿನ ಹೊರೆ, ಸೌದೆ, ಸೊಂಟದಲ್ಲಿ ಮಗು. ಹೊರೆಯಿದ್ದರೆ ಯಾರೂ ಮಂಡಿಯ ಮಾತೆತ್ತುವುದಿಲ್ಲ. ಬರಿಗೈಯಲ್ಲಿ ನಡೆದರೆ ತಾನೆ ‘ಎಲ್ಲಿಗೆ?’ ಎಂಬ ಪ್ರಶ್ನೆ ಬರುವುದು! ಓದಿ, ಕೆಲಸಕ್ಕೆ ಸೇರಿ, ಪಟ್ಟಣದಲ್ಲಿ ಮನೆ ಕಟ್ಟಿದ ನಮ್ಮಂಥವರ ತಲೆಯಿಂದ ಹೊರೆ ಇಳಿಯಿತು, ಜೊತೆಗೆ ದಾರಿಯೂ ಹೋಯಿತು. ಪಿಕ್ನಿಕ್ಕಿಗೆ ಹೋದರೂ ಅಡುಗೆಮನೆಯನ್ನು ಬುಟ್ಟಿಗೆ ತುಂಬಿಕೊಂಡು ಹೋಗಿ ಅದರ ಪಕ್ಕದಲ್ಲೇ ಕೂರುತ್ತೇವೆ. ಮೂರನೆಯ ಭಾನುವಾರ ನಾನು ಪುಳಿಯೋಗರೆ ಕಲಸಲಿಲ್ಲ. ಅಂಗಡಿಯ ಬ್ರೆಡ್ಡು, ಬಾಳೆಹಣ್ಣು, ನೀರು, ಅವರವರದು ಅವರವರ ಬೆನ್ನಿಗೆ. ಯಾರೂ ಉಪವಾಸ ಸಾಯಲಿಲ್ಲ.

ಅಂದು ಹೋದದ್ದು ವೇ ನದಿಯ ಕಣಿವೆಗೆ. ಮಂಡಿಯ ನೆಪಕ್ಕೆ ಅಲ್ಲಿ ಜಾಗವೇ ಇಲ್ಲ, ಅಂಗೈಯಂತೆ ಸಮ. 1653ರಲ್ಲೇ ಈ ನದಿಯನ್ನು ತಿದ್ದಿ, ಅಲ್ಲಲ್ಲಿ ನೀರು ಏರಿಳಿಸುವ ಕಟ್ಟೆಬಾಗಿಲು ಇಟ್ಟು, ಗಿಲ್ಡ್‌ಫರ್ಡಿನಿಂದ ಥೇಮ್ಸ್ ನದಿಗೆ ದೋಣಿ ಹೋಗುವಂತೆ ಮಾಡಿದ್ದರು. 1764ರಲ್ಲಿ ಮೇಲಕ್ಕೆ ಗೊಡಾಲ್ಮಿಂಗ್‌ವರೆಗೆ ಮುಂದುವರಿಸಿದರು. ದಡದ ದಾರಿ ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ್ದು. ಈಗ ಅದರ ಮೇಲೆ ತಳ್ಳುಗಾಡಿಯ ಕೂಸುಗಳು, ಕೋಲೂರುವ ಮುದುಕರು. ಎರಡೂ ಕಡೆ ಹುಲ್ಲುಗಾವಲು, ನೀರಿಗೆ ಬಾಗಿದ ಮರಗಳು, ಮರಿಗಳ ಹಿಂದೆ ಗದರುತ್ತ ಹೋಗುವ ಬಾತು. ಗಿಲ್ಡ್‌ಫರ್ಡಿನಿಂದ ಗೊಡಾಲ್ಮಿಂಗ್‌ಗೆ ನಾಲ್ಕು ಮೈಲಿ ಚಿಲ್ಲರೆ. ಪೂರ್ತಿ ನಡೆದೆ. ಮೊಮ್ಮಗಳು ಕೊನೆಯ ಮೈಲಿ ಅವರಪ್ಪನ ಹೆಗಲೇರಿದಳು. ನಾನು ಯಾರ ಹೆಗಲನ್ನೂ ಏರಲಿಲ್ಲ! ಹಿಂದಕ್ಕೆ ಬರಲು ರೈಲಿದೆ. 1881ರಲ್ಲಿ ಪ್ರಪಂಚದಲ್ಲೇ ಮೊದಲು ಸಾರ್ವಜನಿಕ ವಿದ್ಯುತ್ ಪೂರೈಕೆ ಶುರುವಾದದ್ದು ಈ ಪುಟ್ಟ ಊರಿನಲ್ಲಿ, ಇದೇ ನದಿಯ ನೀರುಚಕ್ರದಿಂದ. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ದೀಪ ಬಂದ 1905ನೆಯ ಇಸವಿಯನ್ನು ಬಾಯಿಪಾಠ ಮಾಡಿಸುವ ನನಗೆ ಆ ನೀರನ್ನು ನೋಡುತ್ತ ಬಹಳ ಹೊತ್ತು ನಿಲ್ಲಬೇಕೆನಿಸಿತು, ನಿಂತೆ. ‘ಬೇಗ’ ಎಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಕಲಿತಿದ್ದರು.

ಸಂಕೋಚದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ನಡೆಯದಿರುವುದಕ್ಕೆ ಅರ್ಧ ಕಾರಣ ಶೌಚಾಲಯ. ಎಲ್ಲಿ ಹೋಗುವುದು ಎಂಬ ಭಯಕ್ಕೆ ಬೆಳಗಿನಿಂದ ನೀರೇ ಕುಡಿಯದೆ ಹೊರಡುವವರು ನಾವು. ಶಾಲೆಯಲ್ಲೂ ಹೀಗೇ ಮಾಡಿ ಮಾಡಿ ಉರಿಮೂತ್ರ ತಂದುಕೊಂಡ ಟೀಚರುಗಳ ಲೆಕ್ಕ ನನಗೆ ಗೊತ್ತಿದೆ. ಅಲ್ಲಿ ಹೀತ್ ಮೇಲೆಯೂ ನದಿಯ ದಡದಲ್ಲೂ ಹೆಜ್ಜೆಗೊಂದು ಶೌಚಾಲಯವಿಲ್ಲ. ಆದರೆ ಮಗಳು ನಕ್ಷೆ ಹಿಡಿದು, ದಾರಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಎರಡು ಕಡೆಯೂ ಇದೆಯೇ ಎಂದು ಮೊದಲು ನೋಡುತ್ತಿದ್ದಳು. ಗಂಡಸರು ಮಾಡಿದ ಯೋಜನೆಯಲ್ಲಿ ನೋಟ ಎಲ್ಲಿ ಚೆನ್ನಾಗಿದೆ, ಕಾರು ಎಲ್ಲಿ ನಿಲ್ಲಿಸಬಹುದು ಎನ್ನುವುದಿತ್ತು, ಇದು ಇರಲಿಲ್ಲ. ಯೋಜನೆ ಹಾಕುವ ಕೆಲಸವನ್ನು ಹೆಂಗಸರು ಕೈಗೆ ತೆಗೆದುಕೊಳ್ಳಬೇಕು ಎನ್ನುವುದಕ್ಕೆ ನನಗೆ ಬೇರೆ ವಾದ ಬೇಕಿಲ್ಲ.

ಹೊರಡುವ ಹಿಂದಿನ ವಾರ ಮಗಳು, ಮೊಮ್ಮಗಳು, ನಾನು, ಮೂವರೇ ಗೊಡಾಲ್ಮಿಂಗ್ ಹತ್ತಿರದ ಹೈಡನ್ಸ್ ಬಾಲ್ ಎಂಬ ಗುಡ್ಡಕ್ಕೆ ಹೋದೆವು. ಗಂಡಸರು ಮನೆಯಲ್ಲಿ ಕೂತಿದ್ದರು, ಕ್ರಿಕೆಟ್ ಇತ್ತು. ಮರಗಳ ನಡುವೆ ಹೀತ್ ತುಂಡುಗಳು, ಮೆತ್ತನೆ ಮರಳು ದಾರಿ. ಆಕ್ಟೇವಿಯಾ ಹಿಲ್ 1912ರಲ್ಲಿ ತೀರಿಕೊಂಡ ಮೇಲೆ ಅವಳ ನೆನಪಿಗೆಂದು 1915ರಲ್ಲಿ ಈ ಗುಡ್ಡವನ್ನು ಕೊಂಡರು. ತುದಿಯಲ್ಲಿ ಅವಳ ಸ್ಮಾರಕವಿದೆ. ಏನು ಸ್ಮಾರಕ ಅಂತೀರಿ? ಕೂರುವ ಕಲ್ಲುಬೆಂಚು! ಜೀವಮಾನವೆಲ್ಲ ನಡೆಯುವ ದಾರಿಗೆ ಹೊಡೆದಾಡಿದವಳಿಗೆ ಕೊನೆಗೂ ‘ಇಲ್ಲೇ ಕೂತಿರಿ’ ಅಂದರಲ್ಲ ಎಂದು ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನ್ಯಾಯವಾಗಿ ಹೇಳಬೇಕೆಂದರೆ ಬಡವರಿಗೆ ಕೂರಲೂ ಜಾಗ ಬೇಕೆಂದು ಕೇಳಿದವಳೇ ಅವಳು. ಹತ್ತಿ ಬಂದು ಕೂತ ಬೆಂಚಿನ ಮೇಲೆ ನನಗೂ ತಕರಾರಿಲ್ಲ. ಮೂವರೂ ಕೂತೆವು. ಮಗಳು ಅಲ್ಲಿ ಕೇಳಿದಳು, ‘ಈ ಸಲ ಟೂರು ಎಲ್ಲಿಗೆ ಅಮ್ಮ?’

ಊರಿಗೆ ಬಂದು ಟೂರಿನ ಸಭೆಯಲ್ಲಿ ಚಿತ್ರದುರ್ಗದ ಹೆಸರು ಹೇಳಿದವಳು ನಾನು. 2024ರ ಡಿಸೆಂಬರಿನಲ್ಲಿ ಹೋದೆವು. ಹುಡುಗಿಯರೇ ನಲವತ್ತೊಂದು ಜನ. ಎಲ್ಲರಿಗೂ ಬೂಟು, ಚೂಡಿದಾರ ಎಂದು ಮೊದಲೇ ಚೀಟಿ ಕಳಿಸಿದ್ದೆ. ಕೋಟೆಯ ಬಾಗಿಲಲ್ಲಿ ಈಗಿನ ಪಿ.ಟಿ. ಮೇಷ್ಟ್ರು, ಒಳ್ಳೆಯ ಹುಡುಗ, ಬಹಳ ಕಳಕಳಿಯಿಂದ ಅಂದರು: ‘ಮೇಡಂ, ನೀವು ಇಲ್ಲೇ ಕೂತಿರಿ, ಎಲ್ಲರನ್ನೂ ನಾನು ಕರ್ಕೊಂಡು ಹೋಗ್ತೀನಿ.’

‘ನೀವು ಕೂತಿರಿ ಸಾರ್, ಪಾತ್ರೆ ಕಾಯೋಕೆ ಒಬ್ಬರು ಬೇಕಲ್ಲ’ ಅಂದೆ.

ಪಾಪ, ಕೂತರು. ಹುಡುಗರನ್ನು ಇನ್ನೊಬ್ಬ ಟೀಚರಿಗೆ ಒಪ್ಪಿಸಿ ಹುಡುಗಿಯರನ್ನು ನಾನು ಹತ್ತಿಸಿದೆ. ಓಬವ್ವನ ಕಿಂಡಿಯಲ್ಲಿ ನನ್ನ ಸೀರೆಯ ನೆರಿಗೆ ಕಲ್ಲಿಗೆ ಸಿಕ್ಕಿಕೊಂಡು ಇಬ್ಬರು ಹುಡುಗಿಯರು ಬಿಡಿಸಬೇಕಾಯಿತು. ಎರಡೂವರೆ ಗಂಟೆಯ ಮೇಲೆ ಇಳಿದು ಬಂದಾಗ ಮೇಷ್ಟ್ರು ಮರದಡಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಎರಡು ಡಬ್ಬಿ ಚಿತ್ರಾನ್ನ ಕೋತಿಗಳ ಪಾಲಾಗಿತ್ತು. ಉಳಿದಿದ್ದ ಮೊಸರನ್ನವನ್ನು ಎಲ್ಲರೂ ಹಂಚಿಕೊಂಡು ತಿಂದೆವು.